ಎರಡು ಪೌಂಡು ಕಣಕ

ಬೇಕರಿಯ ಹಿಂಬಾಗಿಲಿಗೆ ಬೋರ್ಡಿಲ್ಲ.
ಗೊತ್ತಿದ್ದವರು ಎರಡು ಸಲ ತಟ್ಟುತ್ತಾರೆ,
ಗೊತ್ತಿಲ್ಲದವರು ಮುಂದೆ ಕೇಕಿನ ಸಾಲಿನಲ್ಲಿ ನಿಲ್ಲುತ್ತಾರೆ.

ಶುಕ್ರವಾರ, ನಾಲ್ಕು ಹತ್ತು.
ಎರಡು ಟ್ರಿಪ್ಪುಗಳ ನಡುವೆ ನನಗೆ ಹನ್ನೊಂದು ನಿಮಿಷ.
ಪ್ರಾವಿಡೆನ್ಸಿನ ಮೇಲೆ ಆಗಲೇ ಕತ್ತಲು,
ಹಿಮ ಕರಗಲೆಂದು ಸುರಿದ ಉಪ್ಪು
ಬೂಟಿನಡಿ ಕರಕರ ಅನ್ನುತ್ತದೆ.

"ಎಷ್ಟು?" ಅನ್ನುತ್ತಾನೆ ಎತ್ತೊರೆ, ತಲೆ ಎತ್ತದೆ.
"ಎರಡು ಪೌಂಡು."
ತಕ್ಕಡಿ ಇದೆ, ಅದರ ಮೇಲೆ ಅವನ ಟೋಪಿ ಇದೆ.
ತೊಟ್ಟಿಯಿಂದ ಒಂದು ಮುದ್ದೆ ಕೊಯ್ದು
ಎಡಗೈಯಿಂದ ಬಲಗೈಗೆ ಒಮ್ಮೆ ಎಸೆದು
ಮೇಲೊಂದು ಚಿವುಟು ಸೇರಿಸುತ್ತಾನೆ.
ಅದು ಲೆಕ್ಕವಲ್ಲ, ದಾಕ್ಷಿಣ್ಯ.

ಮೂರು ಡಾಲರು. ಚೀಲದ ಬಾಯಿಗೆ ಸಡಿಲ ಗಂಟು.
"ಬಿಗಿಯಬೇಡ, ಉಸಿರಾಡುವ ಪ್ರಾಣಿ ಇದು."
ವಾರ ವಾರ ಹೇಳುತ್ತಾನೆ.
ವಾರ ವಾರ, ಮೊದಲ ಸಲ ಕೇಳಿದಂತೆ, ತಲೆಯಾಡಿಸುತ್ತೇನೆ.

ಬಸ್ಸಿನಲ್ಲಿ ಫ್ರಿಜ್ಜಿಲ್ಲ. ಇರುವುದು
ಸ್ಟೀರಿಂಗಿನಾಚೆ, ಹೀಟರಿನ ಬಿಸಿಯುಸಿರು ತಾಗುವಲ್ಲಿ
ಗೇಣಗಲ ಜಾಗ. ಅಲ್ಲೇ ಕೂರಿಸಿದೆ.
ಆಸ್ಪತ್ರೆಯ ಸ್ಟಾಪಿನಲ್ಲಿ ತೆಂಗಿನಕಾಯಿಯಷ್ಟಿತ್ತು.
ಕಾಲೇಜು ಬರುವಷ್ಟರಲ್ಲಿ ಚೀಲಕ್ಕೆ ಹೊಟ್ಟೆ ಬಂತು.
ಸೇತುವೆ ದಾಟುವಾಗ ನೋಡುತ್ತೇನೆ,
ಗಾಜಿಗೆ ಕೆನ್ನೆಯೊತ್ತಿ ನದಿ ನೋಡುತ್ತಿದೆ.

"ಇದಕ್ಕೆ ಟಿಕೆಟ್ಟಾಯಿತೇ, ಝುಲ್ಮಿರಾ?"
ಮೊದಲ ಸೀಟಿನಿಂದ ಮುದುಕ ಗೂಲಾರ್ಟ್.
"ಐದು ವರ್ಷದೊಳಗಿನವರಿಗೆ ಇಲ್ಲ."
ಇಡೀ ಬಸ್ಸು ನಕ್ಕಿತು, ಒಬ್ಬಳ ಹೊರತು:
ನರ್ಸಿನ ಅಂಗಿಯವಳು, ದಿನವಿಡೀ ನಿಂತ ಕಾಲಿನವಳು,
ಇಳಿಯುವ ಮುನ್ನ ಬಾಗಿ
ಪ್ಲಾಸ್ಟಿಕ್ಕಿನ ಮೇಲಿಂದಲೇ ಬೆರಳಿಂದ ಒತ್ತಿ,
ಗುಳಿ ಮೆಲ್ಲಗೆ ತುಂಬುವುದನ್ನು ನೋಡಿ,
"ಹದ ಬಂದಿದೆ" ಅಂದು ಕತ್ತಲಿಗಿಳಿದಳು.

ಮನೆಯಲ್ಲಿ ಲೆನೀಸ್. ನನ್ನ ಗಂಡನ ಮಗಳು, ಹದಿನಾಲ್ಕು.
ಮಗಳು ಅಂತಷ್ಟೇ ಅಂದರೆ ತಿದ್ದುತ್ತಾಳೆ.
ಅವಳಪ್ಪನಿಗೆ ರಾತ್ರಿ ಪಾಳಿ.
ಕೇಳದೆಯೇ ಇವತ್ತು ತೋಳು ಮಡಿಸಿ ಬಂದಳು,
ಮೇಜಿಗೆ ಹಿಟ್ಟುದುರಿಸಿ ಎಳೆದಳು.
ಕಣಕ ಹಿಂದಕ್ಕೆ ಜಗ್ಗಿತು.
ಇನ್ನಷ್ಟು ಎಳೆದಳು. ಇನ್ನಷ್ಟು ಜಗ್ಗಿತು.
ಹಟಕ್ಕೆ ಬಿದ್ದು ಎಳೆದಾಗ ನಡುವೆ ತೂತು,
ತೂತಿನಲ್ಲಿ ಮೇಜು.

ಎತ್ತೊರೆಯ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು:
ಮುನಿದ ಹಿಟ್ಟನ್ನು ಎಳೆಯಬಾರದು, ಬಿಡಬೇಕು.
ಹೇಳಿದರೆ ಹಿಟ್ಟಿಗೆ ಹೇಳಿದ್ದು ಅಂದುಕೊಳ್ಳುವವಳಲ್ಲ.
ಒದ್ದೆ ಬಟ್ಟೆ ಮುಚ್ಚಿದೆ. ಕೂತೆ.
ಅವಳೂ ಕೂತಳು. ಕೈತುಂಬ ಹಿಟ್ಟು,
ಫೋನು ಮುಟ್ಟುವಂತಿಲ್ಲ.

ಹದಿನೈದು ನಿಮಿಷ ಎಷ್ಟು ಉದ್ದ ಅಂತ
ಬಸ್ಸು ಓಡಿಸುವ ನನಗೆ ಗೊತ್ತಿರಬೇಕಿತ್ತು.

"ಇದಕ್ಕೆ ನಿನ್ನ ಬಸ್ಸಿನ ವಾಸನೆ."
"ಡೀಸೆಲ್ಲೇ?"
"ಅಲ್ಲ." ಮೂಗು ಹತ್ತಿರ ತಂದಳು.
"ಒದ್ದೆ ಕೋಟುಗಳದು. ತುಂಬಾ ಜನರದು."

ಬಟ್ಟೆ ತೆಗೆದಾಗ ಕಣಕ, ಏನೂ ನಡೆದೇ ಇಲ್ಲವೆಂಬಂತೆ,
ಕರೆದತ್ತ ಬಂತು.
ದುಂಡಗೇನೂ ಆಗಲಿಲ್ಲ.
ನಾವಿರುವ ಈ ಅಂಗೈಯಗಲ ರಾಜ್ಯದ ನಕಾಶೆಯಂತೆ
ಒಂದು ಮಗ್ಗುಲು ಕೊರೆದ ಕೊಲ್ಲಿ,
ಅಲ್ಲಲ್ಲಿ ಟ್ಯೂನಾ ಮೀನಿನ ದ್ವೀಪ,
ಈರುಳ್ಳಿಯ ಅಲೆ, ಮೇಲೆ ತುಸು ಅತಿಯಾದ ಚೀಸು.
ಓವನ್ನನ್ನು ಇದ್ದಷ್ಟು ಉರಿಗೆ ತಿರುಗಿಸಿದೆವು.
ಹೊಗೆಯ ಅಲಾರಾಂ ಚೀರಿತು. ಕುರ್ಚಿ ಹತ್ತಿ
ಟವೆಲ್ಲು ಬೀಸಿದಳು, ಬೈದಳು,
ಯಾರನ್ನು ಅಂತ ಕೇಳಲಿಲ್ಲ ನಾನು.

"ಈ ಹಿಟ್ಟು ಎಲ್ಲಿ ಸಿಗುತ್ತೆ?"
"ಬೋರ್ಡಿಲ್ಲದ ಬಾಗಿಲು. ತೋರಿಸಬೇಕು."
"ಶುಕ್ರವಾರ ನನಗೆ ಮೂರಕ್ಕೇ ಬಿಡುತ್ತೆ" ಅಂದಳು,
ನನ್ನತ್ತ ನೋಡದೆ, ಸಟ್ಟುಗದಿಂದ ಅಂಚೆತ್ತಿ
ತಳ ಬೆಂದಿದೆಯೋ ಎಂದು
ಬೆರಳ ಗೆಣ್ಣಿನಿಂದ ತಟ್ಟಿದಳು,

ಎರಡು ಸಲ.